ಕಡಲೊಳಗಿನ ಟರ್ಬೈನ್ ಕಂಬದ ಫಟೀಗ್: ಫಿಸಿಕ್ಸ್ ಮಾಡೆಲ್‌ಗೆ ಮೆಷಿನ್ ಲರ್ನಿಂಗ್ ಜೋಡಿಸೋದು ಹೇಗೆ?

ಉಪ್ಪುನೀರು:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ತಾಳ್ಮೆ ಇರಲಿ.

ನನ್ನದು ಡೇಟಾ ಕೆಲಸ, ಸ್ಟ್ರಕ್ಚರಲ್ ಎಂಜಿನಿಯರ್ ಅಲ್ಲ. ಒಂದು ಆಫ್‌ಶೋರ್ ಗಾಳಿ ವಿದ್ಯುತ್ ಯೋಜನೆಯಲ್ಲಿ ಮೂರು ಟರ್ಬೈನ್‌ಗಳ ಕಂಬಕ್ಕೆ ಸ್ಟ್ರೇನ್ ಗೇಜ್ (ಉಕ್ಕು ಎಷ್ಟು ಹಿಗ್ಗಿ ಕುಗ್ಗುತ್ತೆ ಅಂತ ಅಳೆಯುವ ಪಟ್ಟಿ) ಅಂಟಿಸಿದ್ದಾರೆ. ಉಳಿದ ಹತ್ತಾರು ಟರ್ಬೈನ್‌ಗಳಿಗೆ ಗೇಜ್ ಇಲ್ಲ. ಅವುಗಳಿಂದ ಬರೋದು ಸ್ಕಾಡಾ, ಅಂದರೆ ಟರ್ಬೈನ್‌ನ ಕಂಟ್ರೋಲ್ ವ್ಯವಸ್ಥೆ, ಹತ್ತು ನಿಮಿಷಕ್ಕೊಮ್ಮೆ ಬರೆದಿಡುವ ಸರಾಸರಿ ಮಾತ್ರ: ಗಾಳಿಯ ವೇಗ, ಪವರ್, ಬ್ಲೇಡ್ ಕೋನ, ರೋಟರ್ ವೇಗ. ಜೊತೆಗೆ ಹತ್ತಿರದಲ್ಲಿ ತೇಲುತ್ತಿರುವ ಒಂದು ಅಲೆ ಮಾಪಕದಿಂದ ಅಲೆಯ ಎತ್ತರ ಮತ್ತು ಅವಧಿ ಸಿಗುತ್ತೆ.

ಫಟೀಗ್‌ನಿಂದ (ಅಲೆ, ಗಾಳಿಯ ಹೊಡೆತ ಮತ್ತೆ ಮತ್ತೆ ಬಿದ್ದು ಉಕ್ಕು ನಿಧಾನವಾಗಿ ಬಿರುಕು ಬಿಡೋದು) ಗೇಜ್ ಇಲ್ಲದ ಕಂಬಗಳ ಆಯಸ್ಸು ಎಷ್ಟು ಖರ್ಚಾಗಿದೆ ಅಂತ ಹೇಳಬೇಕು. ಹಾಗೆ ಖರ್ಚಾದ ಪಾಲಿಗೇ ಡ್ಯಾಮೇಜ್ ಅನ್ನೋದು. 25 ವರ್ಷಕ್ಕೆ ಡಿಸೈನ್ ಮಾಡಿದ್ದನ್ನು ಇನ್ನೂ ಕೆಲವು ವರ್ಷ ಓಡಿಸಬಹುದಾ ಅನ್ನೋದು ಮಾಲೀಕರ ಪ್ರಶ್ನೆ.

ರ್ಯಾಂಡಮ್ ಫಾರೆಸ್ಟ್ ಕಟ್ಟಿದೆ, ಅಂದರೆ ತುಂಬಾ ನಿರ್ಧಾರ-ಮರಗಳ ಉತ್ತರದ ಸರಾಸರಿ ಹೇಳುವ ಮೆಷಿನ್ ಲರ್ನಿಂಗ್ ಮಾಡೆಲ್. ಟೆಸ್ಟ್‌ನಲ್ಲಿ ಆರ್-ಸ್ಕ್ವೇರ್ (ಅಳತೆಗೆ ಎಷ್ಟು ಹೊಂದುತ್ತೆ ಅನ್ನುವ ಅಂಕ, 1 ಅಂದರೆ ಪೂರ್ತಿ) 0.97 ಬಂತು. ಖುಷಿಯಿಂದ ಸ್ಲೈಡ್ ಮಾಡಿ ತೋರಿಸಿದೆ. ಆಮೇಲೆ ಚಳಿಗಾಲದ ಡೇಟಾ ಬಂತು ನೋಡಿ. ಬಿರುಗಾಳಿ ಇದ್ದ ವಾರಗಳಲ್ಲಿ ಗೇಜ್ ತೋರಿಸಿದ ಡ್ಯಾಮೇಜ್‌ನಲ್ಲಿ ಅರ್ಧವನ್ನೂ ನನ್ನ ಮಾಡೆಲ್ ಹೇಳಲಿಲ್ಲ. ಸ್ಟ್ರಕ್ಚರ್ ತಂಡದವರ ಸಿಮ್ಯುಲೇಷನ್ ನೋಡಿದರೆ ಅದು ಉಲ್ಟಾ, ಎಲ್ಲ ಕಡೆಯೂ ಜಾಸ್ತಿ ಹೇಳುತ್ತೆ. ಈಗ ಮೇಲಿನವರು "ಎರಡನ್ನೂ ಸೇರಿಸಿ ಹೈಬ್ರಿಡ್ ಮಾಡಿ" ಅಂತಿದ್ದಾರೆ. ಎರಡರ ಸರಾಸರಿ ತೆಗೆದರೆ ಆಗುತ್ತಾ ಅಂತ ತಮಾಷೆ ಮಾಡಿದೆ. ಯಾರೂ ನಗಲಿಲ್ಲ.

ಯಾವುದನ್ನು ಫಿಸಿಕ್ಸ್‌ಗೆ ಬಿಡಬೇಕು, ಯಾವುದನ್ನು ಮೆಷಿನ್ ಲರ್ನಿಂಗ್‌ಗೆ (ಎಂಎಲ್) ಕೊಡಬೇಕು? ಕೈಯಾರೆ ಮಾಡಿದವರು ಯಾರಾದರೂ ಇದ್ದೀರಾ?

ಶೇಷಗಣಿತ:
ಟ್ರೇನಿಂಗ್, ಟೆಸ್ಟ್ ಅಂತ ಡೇಟಾ ಹೇಗೆ ಭಾಗ ಮಾಡಿದ್ರಿ? ರ್ಯಾಂಡಮ್ ಆಗಿಯಾ?

ಉಪ್ಪುನೀರು:
ಹೌದು, 80-20. ಎಲ್ಲರೂ ಹಾಗೇ ಮಾಡೋದಲ್ವಾ?

ಗೇಜ್ ಅಂಟಿಸುವವ:
ಆ ಗೇಜ್‌ಗಳನ್ನು ಯಾರು, ಯಾವಾಗ ಕ್ಯಾಲಿಬ್ರೇಟ್ ಮಾಡಿದ್ದು?

ಶೇಷಗಣಿತ:
ಸಿಕ್ಕಿತು ನಿಮ್ಮ 0.97ರ ಗುಟ್ಟು. 2 ಗಂಟೆಯ ಹತ್ತು ನಿಮಿಷ ಟ್ರೇನಿಂಗ್‌ನಲ್ಲಿದೆ. 2:10ರದ್ದು ಟೆಸ್ಟ್‌ಗೆ ಹೋಯಿತು. 2:20ರದ್ದು ಮತ್ತೆ ಟ್ರೇನಿಂಗ್‌ನಲ್ಲಿ. ಸಮುದ್ರ ಹತ್ತು ನಿಮಿಷಕ್ಕೊಮ್ಮೆ ಮನಸ್ಸು ಬದಲಾಯಿಸಲ್ಲ. ಡಿಸೈನ್ ಮಾಡುವವರೇ ಒಂದು ಅಲೆ ಸ್ಥಿತಿಯನ್ನು ಸಾಮಾನ್ಯವಾಗಿ 3 ಗಂಟೆ ಹಾಗೇ ಇರುತ್ತೆ ಅಂತ ಹಿಡಿಯುತ್ತಾರೆ. ಅಂದರೆ ನಿಮ್ಮ ಮಾಡೆಲ್ ಪಾಠ ಕಲಿತಿಲ್ಲ, ಪಕ್ಕದವನ ಉತ್ತರ ನೋಡಿ ಬರೆದಿದೆ.

ಹೀಗೆ ಮಾಡಿ. ಒಂದೊಂದು ಬಿರುಗಾಳಿಯನ್ನು ಒಂದೊಂದು ಗುಂಪು ಮಾಡಿ, ಇಡೀ ಬಿರುಗಾಳಿಯನ್ನೇ ಹೊರಗಿಟ್ಟು ಟೆಸ್ಟ್ ಮಾಡಿ. ಆಮೇಲೆ ಎರಡು ಟರ್ಬೈನ್‌ನಲ್ಲಿ ಕಲಿಸಿ ಮೂರನೆಯದರಲ್ಲಿ ನೋಡಿ. ಗೇಜ್ ಇಲ್ಲದ ಕಂಬದ ಬಗ್ಗೆ ತಾನೇ ನಿಮ್ಮ ಪ್ರಶ್ನೆ? ಹಾಗಿದ್ದರೆ ಪರೀಕ್ಷೆಯೂ ಹಾಗೇ ಇರಬೇಕು. ಆಗ ನಿಮ್ಮ ಅಂಕ ಎಷ್ಟು ಇಳಿಯುತ್ತೆ ಅನ್ನೋದನ್ನು ನಾಚಿಕೆ ಇಲ್ಲದೆ ಇಲ್ಲಿ ಹಾಕಿ, ನಾವೆಲ್ಲ ಆ ದಾರಿಯಲ್ಲಿ ಬಂದವರೇ.

ಇನ್ನೊಂದು ಮಾತು. ರ್ಯಾಂಡಮ್ ಫಾರೆಸ್ಟ್ ತಾನು ಕಂಡ ಅತಿ ದೊಡ್ಡ ಬೆಲೆಗಿಂತ ಮೇಲೆ ಯಾವತ್ತೂ ಹೋಗಲ್ಲ. ಮರದ ಎಲೆಗಳಲ್ಲಿ ಇರುವ ಸರಾಸರಿಯನ್ನು ಬಿಟ್ಟು ಬೇರೇನೂ ಅದರ ಬಾಯಿಗೆ ಬರಲ್ಲ. ಕಂಡಿಲ್ಲದಂಥ ಬಿರುಗಾಳಿ ಬಂದರೂ ಹಳೇ ಬಿರುಗಾಳಿಯ ಕಥೆಯನ್ನೇ ಹೇಳುತ್ತೆ.

ಹಳೇ ಬೆಸುಗೆ:
ಮೇಲೆ ಹೇಳಿದ್ದು ಸರಿ. ಆದರೆ ಕಾಯಿಲೆ ಅದೊಂದೇ ಅಲ್ಲ. ನಾನು ಸ್ಟ್ರಕ್ಚರ್ ಕಡೆಯವನು, ನಮ್ಮ ಕಡೆಯ ಲೆಕ್ಕ ಹೇಳ್ತೀನಿ.

ಫಟೀಗ್‌ನಲ್ಲಿ ಡ್ಯಾಮೇಜ್ ಸ್ಟ್ರೆಸ್‌ಗೆ ಸರಿಸಮವಾಗಿ ಏರಲ್ಲ. ಎಷ್ಟು ಸ್ಟ್ರೆಸ್ ಏರಿಳಿತವನ್ನು ಎಷ್ಟು ಸುತ್ತು ತಾಳುತ್ತೆ ಅಂತ ಹೇಳೋದು ಎಸ್-ಎನ್ ಕರ್ವ್. ಬೆಸುಗೆ ಹಾಕಿದ ಉಕ್ಕಿಗೆ ಅದರ ಇಳಿಜಾರು 3, ಅಂದರೆ ಡ್ಯಾಮೇಜ್ ಸ್ಟ್ರೆಸ್‌ನ ಘನದಷ್ಟು ಏರುತ್ತೆ. ಸಮುದ್ರದ ನೀರಿನಲ್ಲಿ ಕ್ಯಾಥೋಡಿಕ್ ರಕ್ಷಣೆ (ತುಕ್ಕು ತಡೆಯುವ ವಿದ್ಯುತ್ ವ್ಯವಸ್ಥೆ) ಇದ್ದರೆ, 10 ಲಕ್ಷ ಸುತ್ತು ದಾಟಿದ ಮೇಲೆ ಅದು 5 ಆಗುತ್ತೆ. (ರಕ್ಷಣೆ ಇಲ್ಲದೆ ತುಕ್ಕಿಗೆ ಬಿಟ್ಟರೆ ಆ ರಿಯಾಯಿತಿಯೂ ಇಲ್ಲ.) ಹಾಗಾಗಿ ಸ್ಟ್ರೆಸ್‌ನಲ್ಲಿ ಬರೀ 10% ತಪ್ಪಾದರೆ ಡ್ಯಾಮೇಜ್‌ನಲ್ಲಿ 33% ತಪ್ಪು. ಇಳಿಜಾರು 5 ಇರುವ ಕಡೆ 61%. ನಿಮ್ಮ ಆರ್-ಸ್ಕ್ವೇರ್‌ಗೆ ಈ ವಿಷಯ ಗೊತ್ತೇ ಇಲ್ಲ.

ಈಗ ಅರ್ಧ ಡ್ಯಾಮೇಜ್ ಎಲ್ಲಿ ಹೋಯಿತು ಅಂತ ನೋಡೋಣ. ನಿಮ್ಮ ಕಣ್ಣಿಗೆ ಒಂದೇ ಥರ ಕಾಣುವ ಎರಡು ಹತ್ತು ನಿಮಿಷ ಇವೆ ಅಂದುಕೊಳ್ಳಿ. ಗಾಳಿ ಅಷ್ಟೇ, ಅಲೆ ಅಷ್ಟೇ. ಒಂದರಲ್ಲಿ ಸ್ಟ್ರೆಸ್ ಏರಿಳಿತ 20, ಇನ್ನೊಂದರಲ್ಲಿ 60. ಮಾಡೆಲ್ ಎರಡಕ್ಕೂ 40 ಅನ್ನುತ್ತೆ. 40ರ ಘನ 64,000. ಆದರೆ 20ರ ಘನ 8,000, 60ರ ಘನ 2,16,000, ಅವುಗಳ ಸರಾಸರಿ 1,12,000. ಸರಾಸರಿಯ ಘನ ಬೇರೆ, ಘನಗಳ ಸರಾಸರಿ ಬೇರೆ. ಮಾಡೆಲ್ "ಸರಾಸರಿಯಲ್ಲಿ ಸರಿ" ಇದ್ದುಕೊಂಡೇ ಡ್ಯಾಮೇಜ್‌ನಲ್ಲಿ ಹತ್ತಿರ ಹತ್ತಿರ ಅರ್ಧ ಕಳೆದುಬಿಟ್ಟಿತು.

ಉಪ್ಪುನೀರು:
ಅಯ್ಯೋ. ಇದನ್ನು ಯಾರೂ ನನಗೆ ಹೇಳಿರಲಿಲ್ಲ. ಒಂದು ಪೇಪರ್ ತುಂಡಿನಲ್ಲಿ ಲೆಕ್ಕ ಹಾಕಿ ನೋಡಿದೆ. ಹೌದು.

ನರಜಾಲ:
ಇನ್ನೂ ರ್ಯಾಂಡಮ್ ಫಾರೆಸ್ಟಾ ಮಾರಾಯ್ರೆ! ಪಿನ್ ಬಳಸಿ. ಫಿಸಿಕ್ಸ್ ಇನ್‌ಫಾರ್ಮ್ಡ್ ನ್ಯೂರಲ್ ನೆಟ್‌ವರ್ಕ್. ರೈಸ್ಸಿ, ಪೆರ್ಡಿಕಾರಿಸ್, ಕಾರ್ನಿಯಡಾಕಿಸ್ 2019ರಲ್ಲಿ ಬರೆದ ಪೇಪರ್ ನೋಡಿ. ಲಾಸ್ ಫಂಕ್ಷನ್ (ನೆಟ್‌ವರ್ಕ್‌ನ ತಪ್ಪನ್ನು ಅಳೆಯುವ ಲೆಕ್ಕ) ಒಳಗೇ ಸಮೀಕರಣ ಹಾಕಿಬಿಟ್ಟರೆ ಮುಗೀತು.

ಶೇಷಗಣಿತ:
ಯಾವ ಸಮೀಕರಣ?

ನರಜಾಲ:
ಕಂಬ ಹೇಗೆ ಬಾಗುತ್ತೆ ಅಂತ ಹೇಳುವ ಬೀಮ್ ಸಮೀಕರಣ. ಅಥವಾ ಬಿರುಕು ಬೆಳೆಯುವ ಪ್ಯಾರಿಸ್ ನಿಯಮ.

ಹಳೇ ಬೆಸುಗೆ:
ಬೀಮ್ ಸಮೀಕರಣ ಬಿಡಿಸೋದು ನಮಗೆ ಯಾವತ್ತೂ ತಲೆನೋವಾಗಿರಲಿಲ್ಲ ಸ್ವಾಮಿ. ಫೈನೈಟ್ ಎಲಿಮೆಂಟ್ ಪ್ರೋಗ್ರಾಂ (ರಚನೆಯನ್ನು ಸಣ್ಣ ಸಣ್ಣ ತುಂಡು ಮಾಡಿ ಲೆಕ್ಕ ಹಾಕುವಂಥದ್ದು) ಅದನ್ನು ಕಣ್ಣು ಮುಚ್ಚಿ ತೆರೆಯೋದರೊಳಗೆ ಬಿಡಿಸುತ್ತೆ. ಬೀಮ್ ಮೇಲೆ ಬೀಳುವ ಭಾರ ಎಷ್ಟು, ಬುಡದಲ್ಲಿ ಮಣ್ಣು ಎಷ್ಟು ಗಟ್ಟಿ, ಡ್ಯಾಂಪಿಂಗ್ (ಕುಣಿತವನ್ನು ತಗ್ಗಿಸುವ ತಡೆ) ಎಷ್ಟು, ಇವು ಗೊತ್ತಿಲ್ಲ. ಗೊತ್ತಿರುವ ಸಮೀಕರಣವನ್ನು ನ್ಯೂರಲ್ ನೆಟ್‌ವರ್ಕ್‌ಗೆ ಮತ್ತೆ ಕಲಿಸಿ ಏನು ಸಿಗುತ್ತೆ?

ಪ್ಯಾರಿಸ್ ನಿಯಮಕ್ಕೆ ಬಿರುಕಿನ ಉದ್ದ ಬೇಕು. ಇವರ ಕಂಬದಲ್ಲಿ ಯಾರೂ ಬಿರುಕು ಅಳೆದಿಲ್ಲ. ಪುಣ್ಯಕ್ಕೆ ಯಾವ ಕಂಬವೂ ಮುರಿದಿಲ್ಲ. ಮುರಿಯದ ಕಂಬಗಳ ಡೇಟಾದಿಂದ ಮುರಿಯೋದನ್ನು ಹೇಗೆ ಕಲಿಸ್ತೀರಿ?

ನರಜಾಲ:
ಬೈಯೋಕೆ ಮೊದಲು ಪೂರ್ತಿ ಕೇಳಿ. ಪಿನ್ ಅಂದರೆ ಅದೊಂದೇ ಬಗೆ ಅಲ್ಲ. ವಿಯಾನ ಮತ್ತು ಅವರ ಸಂಗಡಿಗರು ಗಾಳಿ ಟರ್ಬೈನ್‌ನ ಮುಖ್ಯ ಬೇರಿಂಗ್ ಮೇಲೆ ಕೆಲಸ ಮಾಡಿದ್ದಾರೆ. ಬೇರಿಂಗ್ ಫಟೀಗ್‌ನ ಸೂತ್ರ ಗೊತ್ತಿತ್ತು, ಅದನ್ನು ಹಾಗೇ ಇಟ್ಟುಕೊಂಡರು. ಗ್ರೀಸ್ ಹೇಗೆ ಹಾಳಾಗುತ್ತೆ ಅನ್ನೋದು ಸರಿಯಾಗಿ ಗೊತ್ತಿರಲಿಲ್ಲ. ಅಷ್ಟು ಭಾಗಕ್ಕೆ ಮಾತ್ರ ನ್ಯೂರಲ್ ನೆಟ್‌ವರ್ಕ್ ಕೂರಿಸಿದರು. ಹಿಂದಿನ ಹೆಜ್ಜೆಯ ಉತ್ತರವನ್ನು ಮುಂದಿನದಕ್ಕೆ ಕೊಡುವ ರಿಕರೆಂಟ್ ನೆಟ್‌ವರ್ಕ್‌ನ ಒಂದೊಂದು ಹೆಜ್ಜೆಯಲ್ಲೂ ಡ್ಯಾಮೇಜ್ ಕೂಡಿಕೊಳ್ಳುತ್ತಾ ಹೋಗುತ್ತೆ. ಗೊತ್ತಿರೋದು ಫಿಸಿಕ್ಸ್‌ಗೆ, ಗೊತ್ತಿಲ್ಲದ್ದು ನೆಟ್‌ವರ್ಕ್‌ಗೆ.

ಹಳೇ ಬೆಸುಗೆ:
ಇದನ್ನು ಒಪ್ತೀನಿ. ಇದನ್ನೇ ಮೊದಲು ಹೇಳಿದ್ದರೆ ನಾನು ಸುಮ್ನೆ ಇರ್ತಿದ್ದೆ.

ನರಜಾಲ:
ನೀವು ಸುಮ್ನೆ ಇರೋರಲ್ಲ ಬಿಡಿ.

ಸುಮ್ನೆ ಓದುಗ:
ನನಗೆ ಇದ್ಯಾವುದೂ ಗೊತ್ತಿಲ್ಲ, ಓದ್ತಾ ಕೂತಿದ್ದೀನಿ. ಒಂದು ದಡ್ಡ ಪ್ರಶ್ನೆ: ಅಷ್ಟು ದಪ್ಪ ಉಕ್ಕು, ಸಣ್ಣಪುಟ್ಟ ಅಲೆಗೆಲ್ಲಾ ಮುರಿಯುತ್ತಾ? ದೊಡ್ಡ ಬಿರುಗಾಳಿ ಒಂದನ್ನು ತಡೆದರೆ ಸಾಕಲ್ವಾ?

ಹಳೇ ಬೆಸುಗೆ:
ದಡ್ಡ ಪ್ರಶ್ನೆ ಏನಲ್ಲ. ಒಂದು ತಂತಿಯನ್ನು ಒಂದೇ ಸಲ ಎಳೆದು ತುಂಡು ಮಾಡೋಕೆ ಆಗಲ್ಲ. ಅದನ್ನೇ ಹಿಂದೆ ಮುಂದೆ ಬಗ್ಗಿಸುತ್ತಾ ಹೋದರೆ ತುಂಡಾಗುತ್ತೆ. ಸಮುದ್ರ ಮಾಡೋದೂ ಅದನ್ನೇ, ಸ್ವಲ್ಪ ನಿಧಾನವಾಗಿ. ಸರಾಸರಿ 6 ಸೆಕೆಂಡಿಗೊಂದು ಅಲೆ ಅಂದುಕೊಳ್ಳಿ. ವರ್ಷಕ್ಕೆ 50 ಲಕ್ಷಕ್ಕೂ ಜಾಸ್ತಿ. 20 ವರ್ಷಕ್ಕೆ 10 ಕೋಟಿ ದಾಟುತ್ತೆ. ದೊಡ್ಡ ಬಿರುಗಾಳಿ ಅಪರೂಪ. ಆಯಸ್ಸಿನ ದೊಡ್ಡ ಪಾಲನ್ನು ಸಾಮಾನ್ಯವಾಗಿ ತಿನ್ನೋದು ಮಧ್ಯಮ ಗಾತ್ರದ, ಮತ್ತೆ ಮತ್ತೆ ಬರುವ ಅಲೆಗಳು.

ಫಟೀಗ್ ಎಲ್ಲಿಂದ ಶುರುವಾಗುತ್ತೆ ಅನ್ನೋದಕ್ಕೆ ಅಲೆಕ್ಸಾಂಡರ್ ಕೀಲಾಂಡ್ ಕಥೆ ಓದಬೇಕು. ಉತ್ತರ ಸಮುದ್ರದಲ್ಲಿ ನಾರ್ವೆಯ ಎಕೋಫಿಸ್ಕ್ ತೈಲ ಕ್ಷೇತ್ರದ ಹತ್ತಿರ ಇದ್ದ ತೇಲುವ ವಸತಿ ರಿಗ್. 5 ಕಾಲು, ಅವನ್ನು ಜೋಡಿಸುವ ಅಡ್ಡ ಕೊಳವೆಗಳು. ಒಂದು ಕೊಳವೆಗೆ ತೂತು ಕೊರೆದು ಹೈಡ್ರೋಫೋನ್ (ನೀರಿನೊಳಗಿನ ಶಬ್ದ ಹಿಡಿಯುವ ಸಾಧನ) ಕೂರಿಸಲು ಒಂದು ಸಣ್ಣ ಹಿಡಿಕೆ ಬೆಸೆದಿದ್ದರು. 6 ಮಿಲಿಮೀಟರ್ ಬೆಸುಗೆ. ಅದು ಭಾರ ಹೊರುವ ಭಾಗ ಅಂತ ಯಾರೂ ಎಣಿಸಿರಲಿಲ್ಲ. ಬಿರುಕು ಹುಟ್ಟಿದ್ದು ಅಲ್ಲೇ. 1980ರ ಮಾರ್ಚ್ 27ರ ಸಂಜೆ ಆ ಕೊಳವೆ ಮುರಿಯಿತು, ಉಳಿದವು ಅದರ ಹಿಂದೆಯೇ ಮುರಿದವು, ಒಂದು ಕಾಲು ಕಳಚಿತು, ರಿಗ್ ಮಗುಚಿತು. ಇದ್ದವರು 212 ಜನ. ಸತ್ತವರು 123.

ಇದನ್ನು ಯಾಕೆ ಹೇಳಿದೆ ಅಂದರೆ, ಆ ಹಿಡಿಕೆ ಯಾರ ಮಾಡೆಲ್‌ನಲ್ಲೂ ಇರಲಿಲ್ಲ. ಅದರ ಮೇಲೆ ಸೆನ್ಸರ್ ಕೂಡ ಇರಲಿಲ್ಲ. ಹೈಬ್ರಿಡ್ ಆಗಲಿ ಇನ್ನೊಂದಾಗಲಿ, ಲೆಕ್ಕಕ್ಕೇ ಬಾರದ ಬೆಸುಗೆಯನ್ನು ಅದು ಹೇಗೆ ಹೇಳುತ್ತೆ?

ಎರಡನೇ ಸೆಮ್:
ಸರ್, 1991ರಲ್ಲಿ ಮುಳುಗಿದ ನಾರ್ವೆಯ ಸ್ಲೈಪ್ನರ್ ವೇದಿಕೆ ಕೂಡ ಫಟೀಗ್‌ನಿಂದಲೇ ಮುಳುಗಿದ್ದು ಅಲ್ವಾ?

ಹಳೇ ಬೆಸುಗೆ:
ಅಲ್ಲಪ್ಪ. ಅದು ಕಾಂಕ್ರೀಟ್ ಬುಡ, ಇನ್ನೂ ಕಟ್ಟುವ ಹಂತದಲ್ಲಿತ್ತು. ಪರೀಕ್ಷೆಗೆ ನೀರಿನಲ್ಲಿ ಇಳಿಸುವಾಗ ಗೋಡೆ ಬಿರುಕು ಬಿಟ್ಟು ಮುಳುಗಿತು. ಫೈನೈಟ್ ಎಲಿಮೆಂಟ್ ಲೆಕ್ಕದಲ್ಲಿ ಶಿಯರ್ ಸ್ಟ್ರೆಸ್ (ಗೋಡೆಯನ್ನು ಕತ್ತರಿಸುವ ಥರದ ಒತ್ತಡ) 47% ಕಮ್ಮಿ ಬಂದಿತ್ತು. ಅಲೆ ಎಣಿಸುವ ವಿಷಯವೇ ಅಲ್ಲ.

ನರಜಾಲ:
ಅಂದರೆ ಫಿಸಿಕ್ಸ್ ಮಾಡೆಲ್‌ಗಳೂ ಸುಳ್ಳು ಹೇಳ್ತವೆ ಅಂತಾಯ್ತು.

ಹಳೇ ಬೆಸುಗೆ:
ಫಿಸಿಕ್ಸ್ ಸುಳ್ಳು ಹೇಳಲಿಲ್ಲ. ಮೆಶ್ ದೊಡ್ಡದಾಗಿತ್ತು, ಅಂದರೆ ಲೆಕ್ಕದ ತುಂಡುಗಳು ದಪ್ಪಗಿದ್ದವು.

ನರಜಾಲ:
ನಮ್ಮ ಕಡೆಯವರೂ ಹಾಗೇ ಅಂತಾರೆ. ಎಂಎಲ್ ಸುಳ್ಳು ಹೇಳಲಿಲ್ಲ, ಡೇಟಾ ಸಣ್ಣದಾಗಿತ್ತು ಅಂತ.

ಸುಮ್ನೆ ಓದುಗ:
ಫಟೀಗ್‌ಗೆ ಕನ್ನಡದಲ್ಲಿ ಏನಂತೀರಿ? ಲೋಹದ ದಣಿವು ಅಂತ ಎಲ್ಲೋ ಓದಿದ್ದೆ.

ಎರಡನೇ ಸೆಮ್:
ಆಯಾಸ ಅಂತಲೂ ಇದೆ.

ಶೇಷಗಣಿತ:
ದಣಿವು ಸರಿಹೋಗಲ್ಲ ಅನ್ಸುತ್ತೆ. ದಣಿದವನು ಮಲಗಿ ಎದ್ದರೆ ಸರಿಹೋಗ್ತಾನೆ. ಉಕ್ಕು ಹಾಗಲ್ಲ. ಒಂದು ವರ್ಷ ಸಮುದ್ರ ಶಾಂತವಾಗಿದ್ದರೂ ಹಳೇ ಲೆಕ್ಕ ಹಾಗೇ ಇರುತ್ತೆ.

ಹಳೇ ಬೆಸುಗೆ:
ಸವೆತ ಅಂದರೆ ಉಜ್ಜಿ ಸವೆಯೋದು, ಅದೂ ಬೇರೆ. ನಾವು ಕೆಲಸದಲ್ಲಿ ಫಟೀಗ್ ಅಂತಲೇ ಅನ್ನೋದು. ಈ ಪದದ ಜಗಳಕ್ಕೆ ಬೇರೆ ಎಳೆ ತೆಗೀರಿ, ಇಲ್ಲಿ ಬೇಡ.

ತಳಪಾಯ:
ತಡವಾಗಿ ಬಂದೆ. ನಾನು ಮಣ್ಣಿನ ಕಡೆಯವನು. ನಿಮ್ಮ ಸಿಮ್ಯುಲೇಷನ್ ಎಲ್ಲ ಕಡೆಯೂ ಜಾಸ್ತಿ ಹೇಳುತ್ತೆ ಅಂದ್ರಲ್ಲ, ಎಂಎಲ್ ಮುಟ್ಟೋ ಮೊದಲು ಕಂಬದ ಸಹಜ ಆವರ್ತನ (ತಟ್ಟಿ ಬಿಟ್ಟರೆ ಸೆಕೆಂಡಿಗೆ ಎಷ್ಟು ಸಲ ತೂಗುತ್ತೆ ಅನ್ನೋದು) ನೋಡಿದ್ರಾ? ಡಿಸೈನ್‌ನಲ್ಲಿ ಬರೆದಿದ್ದು ಎಷ್ಟು, ಆಕ್ಸೆಲೆರೋಮೀಟರ್ ತೋರಿಸೋದು ಎಷ್ಟು?

ಉಪ್ಪುನೀರು:
ಈಗ ನೋಡಿದೆ. ಅಳತೆಯಲ್ಲಿ ಬಂದದ್ದು ಡಿಸೈನ್‌ಗಿಂತ ಜಾಸ್ತಿ ಇದೆ. ಮೂರೂ ಟರ್ಬೈನ್‌ನಲ್ಲಿ.

ತಳಪಾಯ:
ಅಂದುಕೊಂಡೆ. ಕಂಬ ಲೆಕ್ಕಕ್ಕಿಂತ ಗಡುಸಾಗಿದೆ, ಅಂದರೆ ಬುಡದ ಮಣ್ಣು ಲೆಕ್ಕಕ್ಕಿಂತ ಗಟ್ಟಿ ಹಿಡಿದುಕೊಂಡಿದೆ. ಇದು ತುಂಬಾ ಕಡೆ ಕಂಡದ್ದೇ.

ಇದಕ್ಕೊಂದು ಹಳೇ ಕಥೆ ಇದೆ. ಪೈಲ್ (ನೆಲಕ್ಕೆ ಇಳಿಸಿದ ಕೊಳವೆ) ಎಷ್ಟು ಸರಿದರೆ ಮಣ್ಣು ಎಷ್ಟು ತಡೆಯುತ್ತೆ ಅಂತ ಹೇಳಲು ಬಳಸುತ್ತಿದ್ದ ಪಿ-ವೈ ಕರ್ವ್‌ಗಳು ತೈಲ ರಿಗ್‌ಗಳ ಕಾಲದವು. ಮರಳಿನ ಕರ್ವ್‌ಗೆ ಆಧಾರವಾದ ಮಸ್ಟಾಂಗ್ ದ್ವೀಪದ ಪ್ರಯೋಗದಲ್ಲಿ ಇದ್ದ ಪೈಲ್‌ನ ಅಗಲ 0.61 ಮೀಟರ್. ಟರ್ಬೈನ್‌ಗೆ ಬುಡವಾಗಿ ನಿಲ್ಲುವ ಈಗಿನ ಒಂಟಿ ಪೈಲ್, ಅಂದರೆ ಮೊನೊಪೈಲ್, 6 ಮೀಟರ್, 8 ಮೀಟರ್, ಇನ್ನೂ ದೊಡ್ಡವೂ ಇವೆ. ತೆಳ್ಳಗಿನ ಕೋಲಿಗೆ ಮಾಡಿದ ಸೂತ್ರವನ್ನು ಡ್ರಮ್ಮಿಗೆ ಹಾಕಿದಂತೆ. ಅದಕ್ಕೇ ಪೀಸಾ ಅನ್ನೋ ಯೋಜನೆಯಲ್ಲಿ ಇಂಗ್ಲೆಂಡಿನ ಕೌಡನ್‌ನ ಜೇಡಿಮಣ್ಣು ಮತ್ತು ಫ್ರಾನ್ಸಿನ ಡನ್‌ಕರ್ಕ್‌ನ ಮರಳಿನಲ್ಲಿ ಹೊಸದಾಗಿ ಪೈಲ್ ಎಳೆದು ನೋಡಿ, ಬೇರೆ ವಿಧಾನ ಕಟ್ಟಿದರು.

ಆವರ್ತನ ಯಾಕೆ ಅಷ್ಟು ಮುಖ್ಯ? ಕಂಬದ ಆವರ್ತನವನ್ನು ಸಾಮಾನ್ಯವಾಗಿ ರೋಟರ್ ಒಂದು ಸುತ್ತು ತಿರುಗುವ ವೇಗಕ್ಕೂ, ಮೂರು ಬ್ಲೇಡ್‌ಗಳು ಕಂಬದ ಮುಂದೆ ಹಾದುಹೋಗುವ ವೇಗಕ್ಕೂ ನಡುವಿನ ಸಂದಿಯಲ್ಲಿ ಕೂರಿಸುತ್ತಾರೆ. ಅಲೆಗಳ ಶಕ್ತಿ ಆ ಸಂದಿಗಿಂತ ಕೆಳಗಿರುತ್ತೆ. ಕಂಬ ಗಡುಸಾದಷ್ಟೂ ಅಲೆಯಿಂದ ದೂರ ಹೋಗುತ್ತೆ, ಕುಣಿತ ಕಡಿಮೆ. ನಿಮ್ಮ ಸಿಮ್ಯುಲೇಷನ್ ಮೆತ್ತಗಿನ ಮಣ್ಣಿನ ಮೇಲೆ ಕುಣಿಯುತ್ತಿದೆ. ಮೊದಲು ಆವರ್ತನ ಹೊಂದಿಸಿ. ಆಮೇಲೆ ಎಂಎಲ್‌ಗೆ ಕಲಿಯೋಕೆ ಕಮ್ಮಿ ಉಳಿಯುತ್ತೆ.

ನರಜಾಲ:
ಅದನ್ನೂ ಎಂಎಲ್ ತಾನೇ ಕಲಿಯುತ್ತಲ್ವಾ? ವ್ಯತ್ಯಾಸ ಏನೇ ಇರಲಿ, ಡೇಟಾ ಕೊಟ್ಟರೆ ಸರಿಮಾಡುತ್ತೆ.

ಶೇಷಗಣಿತ:
ಕಲಿಯುತ್ತೆ, ಆದರೆ ತಪ್ಪು ಹೆಸರಿನಲ್ಲಿ. ಕೆನಡಿ ಮತ್ತು ಓ'ಹೇಗನ್ 2001ರಲ್ಲಿ ಹಾಕಿಕೊಟ್ಟ ಚೌಕಟ್ಟು ಇಲ್ಲಿ ಕೆಲಸಕ್ಕೆ ಬರುತ್ತೆ: ಅಳತೆ = ಫಿಸಿಕ್ಸ್ ಮಾಡೆಲ್ + ಮಾಡೆಲ್‌ನ ಕೊರತೆ + ಗದ್ದಲ. ಫಿಸಿಕ್ಸ್ ಒಳಗೆ ನಾವು ಹೊಂದಿಸಬೇಕಾದ ಸಂಖ್ಯೆಗಳು ಇರುತ್ತವೆ, ಮಣ್ಣಿನ ಗಡಸುತನದಂಥವು; ರೇಡಿಯೋದ ತಿರುಗಿಸುವ ಗುಂಡಿಗಳ ಹಾಗೆ. ಕೊರತೆಗೆ ಗಾಸಿಯನ್ ಪ್ರೊಸೆಸ್, ಅಂದರೆ ಅಂದಾಜಿನ ಜೊತೆಗೆ ತನಗೆಷ್ಟು ಅನುಮಾನ ಅಂತಲೂ ಹೇಳುವ ಎಂಎಲ್ ವಿಧಾನ. ತೊಂದರೆ ಏನಂದರೆ ಗುಂಡಿ ತಿರುಗಿಸಿದರೂ ಉತ್ತರ ಸರಿಹೋಗುತ್ತೆ, ಕೊರತೆಯನ್ನು ಬಗ್ಗಿಸಿದರೂ ಸರಿಹೋಗುತ್ತೆ. ಡೇಟಾ ಒಂದೇ, ಅದು ಯಾವುದರ ತಪ್ಪು ಅಂತ ಹೇಳಲ್ಲ. ಅದಕ್ಕೇ ತಳಪಾಯದವರು ಹೇಳಿದಂತೆ ಆವರ್ತನ ಥರದ ಸ್ವತಂತ್ರ ಅಳತೆಯಿಂದ ಗುಂಡಿಯನ್ನು ಮೊದಲು ಬಿಗಿ ಮಾಡಬೇಕು. ಇಲ್ಲದಿದ್ದರೆ ಮೂರು ಟರ್ಬೈನ್‌ನ ಮಣ್ಣನ್ನು ಗಾಳಿಯ ಗುಣ ಅಂತ ಕಲಿತುಬಿಟ್ಟು, ಬೇರೆ ಮಣ್ಣಿನಲ್ಲಿರುವ ನಾಲ್ಕನೆಯದಕ್ಕೂ ಅದನ್ನೇ ಹಚ್ಚುತ್ತೆ.

ನಾನಾಗಿದ್ದರೆ ಹೀಗೆ ಮಾಡ್ತಿದ್ದೆ. ಸಿಮ್ಯುಲೇಷನ್ ಪ್ರತಿ ಹತ್ತು ನಿಮಿಷಕ್ಕೂ ಒಂದು ಲೋಡ್ ಹೇಳುತ್ತೆ. ಗೇಜ್ ಇನ್ನೊಂದು ಹೇಳುತ್ತೆ. ಎರಡರ ಅನುಪಾತದ ಲಾಗ್ ತಗೊಳ್ಳಿ. ಅದನ್ನು ಮಾತ್ರ ಗಾಸಿಯನ್ ಪ್ರೊಸೆಸ್‌ಗೆ ಕಲಿಸಿ. ಲಾಗ್ ಯಾಕೆ ಅಂದರೆ ಉತ್ತರ ಸೊನ್ನೆಗಿಂತ ಕೆಳಗೆ ಹೋಗಲ್ಲ, ತಪ್ಪೂ ಶೇಕಡಾ ಲೆಕ್ಕದಲ್ಲಿ ಸಿಗುತ್ತೆ. ಕಂಡಿಲ್ಲದ ಬಿರುಗಾಳಿಯಲ್ಲಿ ತಿದ್ದುಪಡಿ ತಾನಾಗಿ ಸೊನ್ನೆಗೆ ಜಾರುತ್ತೆ, ಅಂದರೆ ಉತ್ತರ ಫಿಸಿಕ್ಸ್‌ಗೆ ವಾಪಸ್ ಬರುತ್ತೆ, ಮತ್ತು ಅನುಮಾನದ ಪಟ್ಟಿ (ಉತ್ತರ ಎಲ್ಲಿಂದ ಎಲ್ಲಿವರೆಗೆ ಇರಬಹುದು ಅನ್ನುವ ಹರವು) ಅಗಲವಾಗುತ್ತೆ. ರ್ಯಾಂಡಮ್ ಫಾರೆಸ್ಟ್ ಅಲ್ಲಿ ನಂಬಿಕೆಯಿಂದ ತಪ್ಪು ಹೇಳುತ್ತಿತ್ತು.

ಕೊನೆಗೆ ಒಂದು: ಆ ಪಟ್ಟಿಯಿಂದ ನೂರಾರು ಸ್ಯಾಂಪಲ್ ತೆಗೆದು ಒಂದೊಂದನ್ನೂ ಘನ ಮಾಡಿ ಕೂಡಿಸಿ. ನಡುವಿನ ಗೆರೆಯನ್ನು ಘನ ಮಾಡಬೇಡಿ. 64,000 ಮತ್ತು 1,12,000 ನೆನಪಿದೆಯಲ್ವಾ?

ಹಳೇ ಬೆಸುಗೆ:
ಇದಕ್ಕೆ ಎರಡು ಸೇರಿಸ್ತೀನಿ.

ಒಂದು, ಟರ್ಬೈನ್ ಓಡುತ್ತಿರುವಾಗ ಮತ್ತು ನಿಂತಿರುವಾಗ ಬೇರೆ ಬೇರೆ ಮಾಡೆಲ್ ಮಾಡಿ. ಓಡುವಾಗ ರೋಟರ್ ಗಾಳಿಯನ್ನು ಒತ್ತಿ ಹಿಡಿದು ಕಂಬದ ಕುಣಿತವನ್ನು ತಡೆಯುತ್ತೆ, ಅದು ಏರೋಡೈನಾಮಿಕ್ ಡ್ಯಾಂಪಿಂಗ್. ನಿಂತಾಗ ಆ ಕೈ ಇರಲ್ಲ. ಸಣ್ಣ ಅಲೆ ಕೂಡ ಕಂಬವನ್ನು ತುಂಬಾ ಹೊತ್ತು ತೂಗಾಡಿಸುತ್ತೆ. ಗಾಳಿ ಒಂದು ಕಡೆಯಿಂದ, ಅಲೆ ಇನ್ನೊಂದು ಕಡೆಯಿಂದ ಬಂದರೆ ಅಡ್ಡ ದಿಕ್ಕಿನಲ್ಲೂ ಇದೇ ಕಥೆ, ಆ ದಿಕ್ಕಿಗೆ ರೋಟರ್‌ನ ತಡೆ ತೀರಾ ಕಮ್ಮಿ. ಚಳಿಗಾಲದಲ್ಲಿ ರಿಪೇರಿಗೆ ದೋಣಿ ಹೋಗೋಕೆ ಆಗದೆ ಟರ್ಬೈನ್ ವಾರಗಟ್ಟಲೆ ನಿಂತಿದ್ದರೆ, ನಿಮ್ಮ ಬೇಸಿಗೆ ಡೇಟಾಕ್ಕೆ ಅದರ ಪರಿಚಯವೇ ಇರಲ್ಲ.

ಎರಡು, ಎಂಎಲ್ ಲೋಡ್ ಹೇಳಲಿ, ಬೇಕಾದರೆ ಸ್ಟ್ರೆಸ್ ಹೇಳಲಿ. ಆಯಸ್ಸನ್ನು ಹೇಳೋದು ಬೇಡ. ಅಲ್ಲಿಂದ ಮುಂದೆ ಸುತ್ತು ಎಣಿಸುವ ರೇನ್‌ಫ್ಲೋ, ಎಸ್-ಎನ್ ಕರ್ವ್, ಒಂದೊಂದು ಸುತ್ತಿನ ಡ್ಯಾಮೇಜ್ ಕೂಡಿಸುವ ಮೈನರ್ ನಿಯಮ, ಎಲ್ಲವೂ ಕೈಗೆ ಸಿಗುವ ಹಾಗೆ ಹೊರಗಿರಲಿ. ಎಸ್-ಎನ್ ಕರ್ವ್‌ನಲ್ಲೇ ಎಷ್ಟು ಚೆದುರು ಇದೆ ಗೊತ್ತಾ? ಡಿಸೈನ್‌ಗೆ ಬಳಸೋದು ಸರಾಸರಿ ಗೆರೆ ಅಲ್ಲ, ಅದಕ್ಕಿಂತ ಎರಡು ಸ್ಟ್ಯಾಂಡರ್ಡ್ ಡೀವಿಯೇಷನ್ ಕೆಳಗಿನದು. ಆಫ್‌ಶೋರ್ ಮಾನದಂಡ ಬರೆಯುವ ಡಿಎನ್‌ವಿ ಸಂಸ್ಥೆಯ ಶಿಫಾರಸಿನಂತೆ ಲಾಗ್‌ನಲ್ಲಿ ಒಂದು ಡೀವಿಯೇಷನ್ 0.2. ಅಂದರೆ ಸರಾಸರಿ ಬೆಸುಗೆ ಡಿಸೈನ್ ಲೆಕ್ಕಕ್ಕಿಂತ ಎರಡೂವರೆ ಪಟ್ಟು ಬಾಳುತ್ತೆ. ಈ ಉಳಿಕೆ ಬೇಕಂತಲೇ ಇಟ್ಟದ್ದು. ಎಂಎಲ್ ಮಾಡೆಲ್ ಬಂದು "ಇನ್ನೂ ಆಯಸ್ಸಿದೆ" ಅಂತ ಅದನ್ನು ತಿಂದುಬಿಡಬಾರದು.

ಎರಡನೇ ಸೆಮ್:
ರೇನ್‌ಫ್ಲೋ ಅಂದರೆ ಏನು ಸರ್? ಮಳೆಗೂ ಇದಕ್ಕೂ ಏನು ಸಂಬಂಧ?

ಶೇಷಗಣಿತ:
ಅಡ್ಡಾದಿಡ್ಡಿ ಏರಿಳಿಯುವ ಸ್ಟ್ರೆಸ್ ಗೆರೆಯಲ್ಲಿ ಒಂದು ಸುತ್ತು ಅಂದರೆ ಯಾವುದು ಅಂತ ಎಣಿಸುವ ವಿಧಾನ. 1968ರಲ್ಲಿ ಮಾತ್ಸುಇಶಿ ಮತ್ತು ಎಂಡೋ ಕೊಟ್ಟದ್ದು. ಗ್ರಾಫ್ ಅನ್ನು 90 ಡಿಗ್ರಿ ತಿರುಗಿಸಿ ನೋಡಿದರೆ ಪಗೋಡದ ಒಂದರ ಕೆಳಗೊಂದು ಇರುವ ಮಾಡಿನ ಹಾಗೆ ಕಾಣುತ್ತೆ. ಅದರ ಮೇಲೆ ಮಳೆ ನೀರು ಹರಿದು ಎಲ್ಲಿ ಬೀಳುತ್ತೋ ಅಲ್ಲಿಗೆ ಅರ್ಧ ಸುತ್ತು.

ಇಲ್ಲೊಂದು ಹಳ್ಳ ಇದೆ, ಉಪ್ಪುನೀರು ಅವರೇ ಗಮನಿಸಿ. ಹತ್ತು ನಿಮಿಷಕ್ಕೊಮ್ಮೆ ಎಣಿಸಿ ಮುಗಿಸಿದರೆ, ಹತ್ತು ನಿಮಿಷಕ್ಕಿಂತ ಉದ್ದದ ಸುತ್ತುಗಳು ಕಳೆದುಹೋಗುತ್ತವೆ. ಗಾಳಿ ಬೆಳಗ್ಗೆ ಏರಿ ರಾತ್ರಿ ಇಳಿದರೆ ಅದೂ ಒಂದು ಸುತ್ತು, ದೊಡ್ಡ ಸುತ್ತು. ಸಂಖ್ಯೆ ಕಮ್ಮಿ, ಆದರೆ ಘನ ಮಾಡಿದಾಗ ಗೊತ್ತಾಗುತ್ತೆ. ಪ್ರತಿ ಹತ್ತು ನಿಮಿಷದಲ್ಲಿ ಮುಗಿಯದೆ ಉಳಿದ ಅರ್ಧ ಸುತ್ತುಗಳನ್ನು ಎತ್ತಿಟ್ಟು, ಕೊನೆಗೆ ಸಾಲಾಗಿ ಜೋಡಿಸಿ ಮತ್ತೊಮ್ಮೆ ಎಣಿಸಿ.

ಉಪ್ಪುನೀರು:
ಒಂದೊಂದಾಗಿ ಮಾಡ್ತೀನಿ. ಸ್ವಲ್ಪ ಸಮಯ ಕೊಡಿ.

ಗೇಜ್ ಅಂಟಿಸುವವ:
ನನ್ನ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ.

ಉಪ್ಪುನೀರು:
(ಎರಡು ತಿಂಗಳ ನಂತರ)

ಬಂದೆ. ನಾಚಿಕೆ ಬಿಟ್ಟು ಹಾಕ್ತೀನಿ. ಬಿರುಗಾಳಿ ಹೊರಗಿಟ್ಟು ಟೆಸ್ಟ್ ಮಾಡಿದಾಗ ಹಳೇ ರ್ಯಾಂಡಮ್ ಫಾರೆಸ್ಟ್‌ನ 0.97 ಇಳಿದು 0.6 ಚಿಲ್ಲರೆ ಆಯ್ತು. ಆ ಸ್ಲೈಡ್ ಅಳಿಸಿದೆ.

ಮಣ್ಣಿನ ಗಡಸುತನವನ್ನು ಆವರ್ತನಕ್ಕೆ ಹೊಂದಿಸಿದ ಮೇಲೆ ಸಿಮ್ಯುಲೇಷನ್ ಒಂದೇ ಸಾಕಷ್ಟು ಹತ್ತಿರ ಬಂತು. ಅರ್ಧ ಜಗಳ ಅಲ್ಲೇ ಮುಗೀತು, ಎಂಎಲ್ ಶುರುವಾಗೋಕೆ ಮೊದಲೇ. ಸ್ಟ್ರಕ್ಚರ್ ತಂಡದವರು ಈಗ ನನ್ನ ಜೊತೆ ಮಾತಾಡ್ತಾರೆ. ನಿಂತ ಸ್ಥಿತಿ ಬೇರೆ ಮಾಡಿದ್ದು, ಲಾಗ್ ಅನುಪಾತ, ಸ್ಯಾಂಪಲ್ ಘನ ಮಾಡಿ ಕೂಡಿಸಿದ್ದು, ಎಲ್ಲಾ ಮಾಡಿದೆ. ಮೊದಲ ಎರಡು ಟರ್ಬೈನ್‌ನಲ್ಲಿ ಚಳಿಗಾಲದ ಒಟ್ಟು ಡ್ಯಾಮೇಜ್ ಗೇಜ್‌ನ ಪಕ್ಕದಲ್ಲೇ ಕೂತಿದೆ, ಅನುಮಾನದ ಪಟ್ಟಿಯ ಒಳಗೆ.

ಆದರೆ ಮೂರನೆಯದು ಕೈಕೊಟ್ಟಿದೆ. ಅದರಲ್ಲಿ ಮಾತ್ರ ಅಡ್ಡ ದಿಕ್ಕಿನ ತಿದ್ದುಪಡಿ ಸಿಕ್ಕಾಪಟ್ಟೆ, ಅದೂ ಟರ್ಬೈನ್ ಆರಾಮಾಗಿ ಓಡುತ್ತಿರುವಾಗ. ಬುಡದಲ್ಲಿ ಮಣ್ಣು ಕೊಚ್ಚಿಹೋಗಿದೆಯಾ? ಕಂಬಕ್ಕೆ ಚಿಪ್ಪು, ಪಾಚಿ ಜಾಸ್ತಿ ಹತ್ತಿದೆಯಾ?

ತಳಪಾಯ:
ಮಣ್ಣು ಕೊಚ್ಚಿಹೋಗಿದ್ದರೆ ಆವರ್ತನ ಇಳಿಯಬೇಕು. ಇಳಿದಿದೆಯಾ?

ಉಪ್ಪುನೀರು:
ಇಲ್ಲ. ಗೆರೆ ಹಾಕಿದ ಹಾಗಿದೆ.

ಹಳೇ ಬೆಸುಗೆ:
ಚಿಪ್ಪು ಹತ್ತಿದರೆ ಅಲೆಯ ಎಳೆತ ಜಾಸ್ತಿ ಆಗುತ್ತೆ, ತೂಕವೂ ಜಾಸ್ತಿ. ಆದರೆ ಒಂದೇ ದಿಕ್ಕಿನಲ್ಲಿ, ಗಾಳಿ ಇದ್ದಾಗ ಮಾತ್ರ? ನನಗೆ ಒಪ್ಪಿಗೆ ಆಗ್ತಿಲ್ಲ.

ಗೇಜ್ ಅಂಟಿಸುವವ:
ಮೂರನೇ ಸಲ ಕೇಳ್ತಿದ್ದೀನಿ. ಕ್ಯಾಲಿಬ್ರೇಷನ್?

ಓಡುತ್ತಿರುವಾಗ ಅಡ್ಡ ದಿಕ್ಕಿನ ಸರಾಸರಿ ಮೊಮೆಂಟ್ (ಕಂಬವನ್ನು ಬಾಗಿಸುವ ಪರಿಣಾಮ) ಎಷ್ಟಿದೆ ನೋಡಿ. ಏರಿಳಿತ ಅಲ್ಲ, ಸರಾಸರಿ. ಗಾಳಿ ರೋಟರ್ ಅನ್ನು ಹಿಂದಕ್ಕೆ ತಳ್ಳುತ್ತೆ, ಅಡ್ಡಕ್ಕೆ ಅಲ್ಲ. ಹಾಗಾಗಿ ಆ ಸರಾಸರಿ ಚಿಕ್ಕದಾಗಿರಬೇಕು.

ಉಪ್ಪುನೀರು:
ಚಿಕ್ಕದಾಗಿಲ್ಲ. ಒಟ್ಟು ಮೊಮೆಂಟ್‌ನ ಸುಮಾರು ಅರ್ಧ ಇದೆ!

ಗೇಜ್ ಅಂಟಿಸುವವ:
ಸೈನ್ 30 ಎಷ್ಟು? ಅರ್ಧ ತಾನೇ?

ಗೇಜ್ ಅಂಟಿಸಿದ ದಿಕ್ಕು ಡ್ರಾಯಿಂಗ್‌ನಲ್ಲಿ ಬರೆದ ಹಾಗಿಲ್ಲ. ಯಾ ಸ್ವೀಪ್ ಮಾಡಿದ ಡೇಟಾ ಹುಡುಕಿ. ಗಾಳಿ ಕಮ್ಮಿ ಇರುವ ದಿನ ನಸೆಲ್ (ಕಂಬದ ತುದಿಯ ಯಂತ್ರದ ಪೆಟ್ಟಿಗೆ) ಅನ್ನು ಪೂರ್ತಿ 360 ಡಿಗ್ರಿ ನಿಧಾನವಾಗಿ ತಿರುಗಿಸ್ತಾರೆ. ನಸೆಲ್ ಮತ್ತು ರೋಟರ್‌ನ ತೂಕ ಕಂಬದ ನಡುಗೆರೆಯ ಮೇಲೆ ಸರಿಯಾಗಿ ಕೂತಿರಲ್ಲ, ಒಂದು ಕಡೆ ವಾಲಿರುತ್ತೆ. ತಿರುಗಿಸಿದಾಗ ಪ್ರತಿ ಗೇಜ್ ಒಂದು ಸೈನ್ ಗೆರೆ ಬರೆಯುತ್ತೆ. ನಡುಮಟ್ಟ ಎಷ್ಟು ಸರಿದಿದೆ ಅನ್ನೋದು ಗೇಜ್‌ನ ಆಫ್‌ಸೆಟ್, ಶಿಖರ ಎಲ್ಲಿದೆ ಅನ್ನೋದು ಗೇಜ್‌ನ ನಿಜವಾದ ದಿಕ್ಕು.

ಉಪ್ಪುನೀರು:
ಸಿಕ್ಕಿತು. ಕಮಿಷನಿಂಗ್ ಸಮಯದಲ್ಲಿ ಒಂದು ಸ್ವೀಪ್ ಮಾಡಿದ್ದರು. ಶಿಖರ 30 ಡಿಗ್ರಿ ಹತ್ತಿರ ಆಚೆ ಇದೆ. ಎರಡು ತಿಂಗಳಿಂದ ನನ್ನ ಗಾಸಿಯನ್ ಪ್ರೊಸೆಸ್ ಯಾರೋ ತಪ್ಪು ಬರೆದ ಕೋನವನ್ನು ಶ್ರದ್ಧೆಯಿಂದ ಕಲಿಯುತ್ತಾ ಕೂತಿತ್ತು.

ಶೇಷಗಣಿತ:
ಬರೀ ಎಂಎಲ್ ಮಾಡೆಲ್ ಆಗಿದ್ದರೆ ಅದನ್ನು ಕಲಿತು, 0.97 ಕೊಟ್ಟು, ಯಾರಿಗೂ ಗೊತ್ತಾಗುತ್ತಲೇ ಇರಲಿಲ್ಲ.

ನರಜಾಲ:
ಬರೀ ಫಿಸಿಕ್ಸ್ ಆಗಿದ್ದರೂ ಅಷ್ಟೇ. "ಗೇಜ್‌ಗೂ ನಮಗೂ ಹೊಂದಲ್ಲ" ಅಂತ ಹೇಳಿ ಫೈಲ್ ಮುಚ್ಚುತ್ತಿದ್ದರು.

ಗೇಜ್ ಅಂಟಿಸುವವ:
ಆ ಡ್ರಾಯಿಂಗ್‌ನಲ್ಲಿ ಉತ್ತರ ಅಂತ ಬರೆದಿದ್ದು ನಿಜವಾದ ಉತ್ತರ ದಿಕ್ಕಾ, ಇಲ್ಲ ಟರ್ಬೈನ್ ಬಾಗಿಲನ್ನು ಸೊನ್ನೆ ಅಂತ ಹಿಡಿದ ಉತ್ತರವಾ ನೋಡಿ. ಎಷ್ಟೋ ಕಡೆ ಅಲ್ಲೇ ಎಡವೋದು. ಉಳಿದ ಎರಡಕ್ಕೂ ನೋಡಿ, ಹೊಂದುತ್ತೆ ಅಂತ ಬಿಟ್ಟುಬಿಡಬೇಡಿ.

ಸುಮ್ನೆ ಓದುಗ:
ಅಂದರೆ ಇಷ್ಟು ದಿನ ಉತ್ತರ ತಪ್ಪು ಬಂದಿದ್ದು ಉತ್ತರ ತಪ್ಪಾಗಿದ್ದಕ್ಕಾ?

ಹಳೇ ಬೆಸುಗೆ:
ಯಾರಾದರೂ ಇವನನ್ನು ಆ ಪದದ ಜಗಳದ ಎಳೆಗೆ ಕರೆದುಕೊಂಡು ಹೋಗಿ.

ಉಪ್ಪುನೀರು:
ಒಂದನೆಯದು ನೋಡಿದೆ, ಸರಿಯಿದೆ. ಎರಡನೆಯದರ ಸ್ವೀಪ್ ಫೈಲ್ ಸಿಗ್ತಿಲ್ಲ. ಗಾಳಿ ಕಮ್ಮಿ ಇರುವ ದಿನ ನೋಡಿ ಹೊಸದಾಗಿ ತಿರುಗಿಸಿ ಅಂತ ಸೈಟ್‌ನವರಿಗೆ ಬರೆದಿದ್ದೀನಿ. ಮುಂದಿನ ವಾರ ಪೂರ್ತಿ ಬಿರುಗಾಳಿ ಇದೆಯಂತೆ.